ನೆಲದ ಹಾದಿ, ನೀರಿನ ಹಾದಿ

ಚೆನ್ನೈ ಮಹಾನಗರದ ಪಶ್ಚಿಮದ ಬಡಾವಣೆಯೊಂದರಲ್ಲಿ ನಾಲ್ಕು ದಶಕಗಳಿಂದ ಸಂಸಾರ ಹೂಡಿಕೊಂಡಿರುವ ನಮ್ಮ ಅತ್ತಿಗೆಯವರ ಅಡಿಗೆಮನೆಯ ಗೋಡೆಯನ್ನು ಕೊರೆದು, ಹೆಬ್ಬೆರಳಿಗಿಂತ ತೆಳ್ಳಗಿನ ಹಳದಿ ಕೊಳವೆಯೊಂದನ್ನು ಒಳಕ್ಕೆ ತಂದು, ಅದರ ಮಗ್ಗುಲಲ್ಲಿ ಪುಟ್ಟದೊಂದು ಮೀಟರನ್ನು ಕೂರಿಸಿ, ಒಲೆಯ ಮೂತಿಯನ್ನು ಬದಲಾಯಿಸಿ, ಬೆಂಕಿ ಹಚ್ಚಿ ತೋರಿಸಿ ಕೆಲಸಗಾರರು ಹೊರಟುಹೋದ ದಿನ ನಾನು ಅವರ ಮನೆಯಲ್ಲಿಯೇ ಇದ್ದೆ. ಆ ನೀಲಿಯ ಜ್ವಾಲೆಯನ್ನು ಅವರು ಬಹಳ ಹೊತ್ತು ಸಂಶಯದಿಂದ ದಿಟ್ಟಿಸಿದರು.

“ಅಲ್ಲ ಕಣಪ್ಪಾ, ಸಿಲಿಂಡರಾದರೆ ಅಲ್ಲಾಡಿಸಿ ನೋಡಿದರೆ ಎಷ್ಟು ಉಳಿದಿದೆ ಅಂತ ಗೊತ್ತಾಗ್ತಿತ್ತು. ಇದನ್ನ ಕಳಿಸೋರು ಯಾರು? ಅವರ ಹತ್ತಿರ ಎಷ್ಟಿದೆ?”

“ಎಣ್ಣೂರಿನಿಂದ ಬರುತ್ತೆ, ಅತ್ತಿಗೆ.”

“ಎಣ್ಣೂರಿಗೆ?”

“ಹಡಗಿನಲ್ಲಿ.”

“ಹಡಗಿಗೆ?”

ಇಷ್ಟು ಹೊತ್ತಿಗೆ ನನ್ನ ವಿದ್ಯೆ ಬರಿದಾಗಿ, ಕಾಫಿಯ ನೆಪದಿಂದ ಮಾತನ್ನು ಬೇರೆ ಕಡೆಗೆ ತಿರುಗಿಸಿದೆನಾದರೂ, ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕಳಿಸುವವರು ಯಾರು, ಅವರಲ್ಲಿ ಎಷ್ಟಿದೆ, ನಡುವೆ ಯಾರ ಹೊಲವನ್ನು ದಾಟಿ ಬರಬೇಕು ಎಂಬ ಈ ಗೃಹಿಣೀಸಹಜವಾದ ವಿಚಾರಣೆಯನ್ನೇ ನಮ್ಮ ಭರತಖಂಡದ ಸರಕಾರಗಳೂ ಅವುಗಳ ನೆರೆಹೊರೆಯವರೂ ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆಂಬುದು ಆಮೇಲೆ ಓದುತ್ತ ಹೋದಂತೆ ನನಗೆ ಮನವರಿಕೆಯಾಯಿತು.

ಮೊದಲು ಆ ವಸ್ತುವಿನ ಸ್ವಭಾವವನ್ನು ಹೇಳಬೇಕು. ನಮ್ಮ ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್ ಎಂಬೆರಡು ಅನಿಲಗಳ ಮಿಶ್ರಣ. ಅವು ವಿನಯಶೀಲವಾದುವು, ಸ್ವಲ್ಪ ಅದುಮಿದರೆ ಸಾಕು, ದ್ರವವಾಗಿ ಕಬ್ಬಿಣದ ಉರುಳೆಯೊಳಗೆ ಕುಳಿತುಬಿಡುತ್ತವೆ. ನೈಸರ್ಗಿಕ ಅನಿಲವೆಂದು ಕರೆಯಲ್ಪಡುವ ಮೀಥೇನ್ ಹಾಗಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಎಷ್ಟು ಅದುಮಿದರೂ ಅದು ದ್ರವವಾಗಲು ಒಪ್ಪದು. ಸೊನ್ನೆಗಿಂತ 162 ಡಿಗ್ರಿ ಕೆಳಗಿನ ಶೈತ್ಯಕ್ಕೆ ಅದನ್ನು ಇಳಿಸಿದಾಗ ಮಾತ್ರ ತನ್ನ ಗಾತ್ರವನ್ನು ಸುಮಾರು 600ರಲ್ಲಿ ಒಂದಂಶಕ್ಕೆ ಕುಗ್ಗಿಸಿಕೊಂಡು, ನೀರಿನಂತೆ ತಿಳಿಯಾಗಿ, ನೀರಿನ ಅರ್ಧಕ್ಕಿಂತಲೂ ಹಗುರವಾಗಿ ಪಾತ್ರೆಯಲ್ಲಿ ನಿಲ್ಲುತ್ತದೆ. ಆದುದರಿಂದ ಈ ಅನಿಲವನ್ನು ದೂರಕ್ಕೆ ಸಾಗಿಸಲು ಮನುಷ್ಯನು ಕಂಡುಕೊಂಡಿರುವ ದಾರಿಗಳು ಮುಖ್ಯವಾಗಿ ಎರಡೇ: ಹುಟ್ಟಿದ ಬಾವಿಯಿಂದ ಉರಿಯುವ ಒಲೆಯವರೆಗೂ ಒಂದೇ ಸಮನೆ ಕೊಳವೆಯನ್ನು ಹೂಳುವುದು, ಇಲ್ಲವೇ ಹೆಪ್ಪುಗಟ್ಟಿಸುವ ಶೈತ್ಯದಲ್ಲಿ ದ್ರವವಾಗಿಸಿ ಹಡಗಿನಲ್ಲಿ ತುಂಬಿ ಕಡಲನ್ನು ದಾಟಿಸುವುದು.

ಈ ಎರಡು ದಾರಿಗಳಲ್ಲಿರುವ ಭೇದ ಕೇವಲ ಯಂತ್ರಶಾಸ್ತ್ರಕ್ಕೆ ಸಂಬಂಧಪಟ್ಟದ್ದೆಂದು ತಿಳಿದರೆ ತಪ್ಪಾದೀತು. ಕೊಳವೆಯೆಂಬುದು ಬೀಗತನದಂತೆ, ಒಮ್ಮೆ ಕೂಡಿಸಿದರೆ ಮೂವತ್ತು ನಲವತ್ತು ವರ್ಷ ಕಳಚಿಕೊಳ್ಳುವಂತಿಲ್ಲ, ಕೊಡುವವನೂ ಕೊಳ್ಳುವವನೂ ನಡುವೆ ದಾರಿ ಬಿಡುವವನೂ ಮೂವರೂ ಪರಸ್ಪರರ ನಡತೆಗೆ ಹೊಣೆಯಾಗಬೇಕು, ಒಬ್ಬನು ಮುನಿದು ತಿರುಪನ್ನು ತಿರುಗಿಸಿದರೆ ಉಳಿದವರ ಒಲೆ ಆರುತ್ತದೆ. ಹಡಗಾದರೋ ಸಂತೆಯ ವ್ಯಾಪಾರ. ಇಂದು ಇವನಲ್ಲಿ, ನಾಳೆ ಅವನಲ್ಲಿ, ಕೈಯಲ್ಲಿ ಹಣವಿದ್ದವನಿಗೆ ಎಲ್ಲರೂ ನೆಂಟರು. ಇಂದು ಚೆನ್ನೈಯ ಅಡಿಗೆಮನೆಗೆ ಕಡಲಿನ ಮೇಲಿನಿಂದ ಅನಿಲ ಬರುತ್ತಿದೆಯೆಂದರೆ ಅದಕ್ಕೆ ಕಾರಣ ನೆಲದಲ್ಲಿ ಅನಿಲವಿಲ್ಲದಿರುವುದಲ್ಲ. ನೆಲದ ಮೇಲಿನ ಬೀಗತನಗಳೆಲ್ಲ ನಿಶ್ಚಯದ ಹಂತದಲ್ಲಿಯೇ ಮುರಿದುಬಿದ್ದುದು.

ದಕ್ಷಿಣ ಏಷ್ಯದಲ್ಲಿ ಅನಿಲಸಂಪತ್ತು ಮೊದಲು ಬೆಳಕಿಗೆ ಬಂದುದು ದೇಶವಿಭಜನೆಯಾದ ಕೆಲವೇ ವರ್ಷಗಳಲ್ಲಿ. 1952ರಲ್ಲಿ ಬಲೂಚಿಸ್ತಾನದ ಸೂಯಿ ಎಂಬಲ್ಲಿ, ಆಮೇಲೆ 1955ರಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಸಿಲ್ಹೆಟ್ ಪ್ರಾಂತದಲ್ಲಿ, 1962ರಲ್ಲಿ ಅದೇ ಸೀಮೆಯ ತಿತಾಸ್ ಎಂಬಲ್ಲಿ. ಆಯಾ ದೇಶ ತನ್ನ ಅನಿಲವನ್ನು ತಾನೇ ಉರಿಸಿತು. ಭಾರತಕ್ಕೆ ದೊಡ್ಡ ನಿಧಿ ಸಿಕ್ಕಿದ್ದು ಮುಂಬಯಿಯ ಆಚೆಯ ಕಡಲಿನಲ್ಲಿ. ಅದನ್ನು ಉತ್ತರದ ಗೊಬ್ಬರದ ಕಾರ್ಖಾನೆಗಳಿಗೆ ಒಯ್ಯಲೆಂದು 1984ರಲ್ಲಿ ಗೇಲ್ ಸಂಸ್ಥೆಯನ್ನು ಸ್ಥಾಪಿಸಿ, ಗುಜರಾತಿನ ಹಜೀರದಿಂದ ಉತ್ತರಪ್ರದೇಶದ ಜಗದೀಶಪುರದವರೆಗೆ ಕೊಳವೆಯನ್ನು ಹಾಸಿದರು. ವಿಂಧ್ಯದ ಈಚೆಗಿನವರು ಆ ಪಂಕ್ತಿಯ ಹೊರಗೇ ಉಳಿದೆವು.

ದೇಶದೊಳಗಿನ ಅನಿಲ ಸಾಲದೆಂಬುದು ಖಚಿತವಾದಾಗ ನೆರೆಹೊರೆಯತ್ತ ದೃಷ್ಟಿ ಹರಿಯಿತು. ಪಶ್ಚಿಮಕ್ಕೆ ಇರಾನ್, ವಾಯವ್ಯಕ್ಕೆ ತುರ್ಕ್‌ಮೆನಿಸ್ತಾನ, ಪೂರ್ವಕ್ಕೆ ಬರ್ಮಾ. ಮೂರು ದಿಕ್ಕಿನಲ್ಲಿಯೂ ಅನಿಲವುಂಟು, ಮೂರು ದಿಕ್ಕಿನಲ್ಲಿಯೂ ನಡುವೆ ಒಬ್ಬ ನೆರೆಯವನುಂಟು. ಈ ಕನಸನ್ನು ಅತ್ಯಂತ ಉತ್ಸಾಹದಿಂದ ಕಂಡ ಮಂತ್ರಿ, ಲಾಹೋರಿನಲ್ಲಿ ಹುಟ್ಟಿ ಕಾವೇರಿಯ ಮುಖಜಭೂಮಿಯಾದ ಮಯಿಲಾಡುತುರೈಯಿಂದ ಲೋಕಸಭೆಗೆ ಆರಿಸಿಬಂದಿದ್ದ ಮಣಿಶಂಕರ ಅಯ್ಯರ್. ಅವರು ಪೆಟ್ರೋಲಿಯಂ ಖಾತೆಯನ್ನು ವಹಿಸಿಕೊಂಡಿದ್ದ ಕಾಲದಲ್ಲಿ, 2005ರ ಜನವರಿಯಲ್ಲಿ, ಭಾರತ, ಬಾಂಗ್ಲಾದೇಶ, ಬರ್ಮಾಗಳ ಮಂತ್ರಿಗಳು ರಂಗೂನಿನಲ್ಲಿ ಸೇರಿ, ಬರ್ಮಾದ ಕಡಲಂಚಿನ ಶ್ವೆ ಕ್ಷೇತ್ರದ ಅನಿಲವನ್ನು ಬಾಂಗ್ಲಾದೇಶವನ್ನು ಹಾಯಿಸಿ ಭಾರತಕ್ಕೆ ತರುವುದೆಂದು ಒಪ್ಪಿದರು. ಬಾಂಗ್ಲಾದೇಶ ಇದಕ್ಕೆ ಪ್ರತಿಯಾಗಿ ಕೇಳಿದ್ದು ಅನ್ಯಾಯವಾದುದೆಂದು ನನಗೆ ತೋರುವುದಿಲ್ಲ: ನೇಪಾಳ ಭೂತಾನಗಳೊಡನೆ ವ್ಯಾಪಾರ ನಡೆಸಲು ಭಾರತದ ನೆಲದಲ್ಲಿ ದಾರಿ, ಆ ದೇಶಗಳ ಜಲವಿದ್ಯುತ್ತನ್ನು ತರಿಸಿಕೊಳ್ಳಲು ತಂತಿಗೆ ಎಡೆ, ವ್ಯಾಪಾರದ ಕೊರತೆಗೆ ಒಂದಿಷ್ಟು ಪರಿಹಾರ. ನಿನ್ನ ಹೊಲದಲ್ಲಿ ನನ್ನ ಕೊಳವೆ ಹಾಯಬಹುದಾದರೆ ನನ್ನ ಹೊಲದಲ್ಲಿ ನಿನ್ನ ತಂತಿ ಏಕೆ ಹಾಯಬಾರದು ಎಂಬುದು ಊರ ಪಂಚಾಯಿತಿಯಲ್ಲಿಯೂ ನಿಲ್ಲುವ ನ್ಯಾಯ. ಆದರೆ ಮಾತು ಬೆಳೆಯಿತು, ಕಾಲ ಕಳೆಯಿತು, ಅಯ್ಯರ್ ಅವರ ಖಾತೆ 2006ರ ಆರಂಭದಲ್ಲಿ ಬದಲಾಯಿತು. ಬರ್ಮಾದ ಅನಿಲ 2013ರಲ್ಲಿ ಚ್ಯೌಕ್‌ಪ್ಯೂ ಎಂಬ ರೇವಿನಿಂದ ಕೊಳವೆಯಲ್ಲಿ ಹೊರಟು ಚೀನದ ಯುನ್ನಾನ್ ಪ್ರಾಂತವನ್ನು ಸೇರಿತು. ಆ ಶ್ವೆ ಕ್ಷೇತ್ರದಲ್ಲಿ ಭಾರತದ ಎರಡು ಸರಕಾರಿ ಸಂಸ್ಥೆಗಳು ಪಾಲುದಾರರಾಗಿದ್ದುವೆಂಬುದನ್ನು ನೆನೆದರೆ, ತಾನೇ ನೆಟ್ಟ ಮಾವಿನ ಹಣ್ಣು ಪಕ್ಕದ ಮನೆಯ ಅಂಗಳಕ್ಕೆ ಉದುರುವುದನ್ನು ನೋಡುತ್ತ ನಿಂತ ಗೃಹಸ್ಥನ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ತುರ್ಕ್‌ಮೆನಿಸ್ತಾನದಿಂದ ಅಫ್ಘಾನಿಸ್ತಾನ ಪಾಕಿಸ್ತಾನಗಳನ್ನು ಹಾದು ಪಂಜಾಬಿನ ಫಾಜಿಲ್ಕಕ್ಕೆ ಮುಟ್ಟಬೇಕಾದ ಸುಮಾರು 1,800 ಕಿಲೋಮೀಟರಿನ ಕೊಳವೆಗೆ 2015ರ ಡಿಸೆಂಬರಿನಲ್ಲಿ ಭೂಮಿಪೂಜೆಯೇನೋ ಆಯಿತು. ಅದರ ಮಾತನ್ನು ಇಷ್ಟಕ್ಕೇ ಬಿಡೋಣ.

ಇರಾನಿನ ಕತೆಯಲ್ಲಿರುವ ವ್ಯಂಗ್ಯ ಮಾತ್ರ ಬಿಡುವಂಥದಲ್ಲ. ಇರಾನಿನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಬರಬೇಕಾಗಿದ್ದ ಕೊಳವೆಗೆ ‘ಶಾಂತಿಯ ಕೊಳವೆ’ ಎಂಬ ಹೆಸರೂ ಬಿದ್ದಿತ್ತು. ಬೆಲೆಯ ಜಗಳ, ದಾರಿಯ ಸುಂಕದ ಜಗಳ, ಅಮೆರಿಕದ ಅಸಮ್ಮತಿ, ಗಡಿಯಾಚೆಗಿನ ಭಯ ಇವೆಲ್ಲ ಕೂಡಿ 2009ರ ಹೊತ್ತಿಗೆ ಭಾರತ ಮೆಲ್ಲನೆ ಆ ಮಾತುಕತೆಯಿಂದ ಜಾರಿಕೊಂಡಿತು. ಆ ಅನಿಲವಿರುವ ಕ್ಷೇತ್ರದ ಹೆಸರು ದಕ್ಷಿಣ ಪಾರ್ಸ್. ಅದು ಪರ್ಷಿಯದ ಕೊಲ್ಲಿಯ ತಳದಲ್ಲಿದೆ. ಕೊಲ್ಲಿಯ ನಡುವೆ ಎಳೆದ ಗಡಿರೇಖೆಯ ಆಚೆ ಅದೇ ನಿಕ್ಷೇಪ ಮುಂದುವರಿದು ಕತಾರಿನ ಉತ್ತರ ಕ್ಷೇತ್ರವೆಂದು ಕರೆಯಿಸಿಕೊಳ್ಳುತ್ತದೆ. ಭೂಗರ್ಭದಲ್ಲಿ ಎರಡೂ ಒಂದೇ. ಜಗತ್ತಿನ ಅತಿ ದೊಡ್ಡ ಅನಿಲಭಂಡಾರವೇ ಅದು. ಕತಾರಿನವರೊಡನೆ ಭಾರತದ ಪೆಟ್ರೋನೆಟ್ ಸಂಸ್ಥೆ 1999ರಲ್ಲಿ 25 ವರ್ಷಗಳ ಒಪ್ಪಂದ ಮಾಡಿಕೊಂಡು, 2004ರಲ್ಲಿ ಗುಜರಾತಿನ ದಹೇಜಿಗೆ ದ್ರವಾನಿಲದ ಮೊದಲ ಹಡಗನ್ನು ಬರಮಾಡಿಕೊಂಡಿತು. ವರ್ಷಕ್ಕೆ 75 ಲಕ್ಷ ಟನ್ನಿನ ಆ ವ್ಯವಹಾರವನ್ನು 2024ರ ಫೆಬ್ರವರಿಯಲ್ಲಿ 2048ರವರೆಗೆ ಮುಂದುವರಿಸಿದ್ದಾರೆ. ಎಂದಮೇಲೆ, ನೆರೆಯವನ ನೆಲದ ಮೇಲೆ ನಂಬಿಕೆಯಿಲ್ಲದ್ದರಿಂದ ಕೊಳವೆಯಲ್ಲಿ ಬರಲಾರದೆ ಹೋದ ಅದೇ ಪಾತಾಳದ ಅನಿಲ, ಗಡಿರೇಖೆಯ ಇನ್ನೊಂದು ಬದಿಯಿಂದ ಮೇಲೆದ್ದು, ಶೈತ್ಯದ ಸ್ನಾನ ಮಾಡಿ, ಹಡಗೇರಿ, ಹೊರ್ಮುಜ್ ಜಲಸಂಧಿಯನ್ನು ನುಸುಳಿಕೊಂಡು ನಮ್ಮ ಮನೆಗೆ ಬಂದಿದೆ. ಇದಕ್ಕಿಂತಲೂ ವಿಚಿತ್ರ, ನಾವು ನಂಬದ ಆ ನೆರೆಯವರದೂ ಇದೇ ಗತಿಯಾದುದು: ಸೂಯಿಯ ಬಾವಿಗಳು ಬತ್ತುತ್ತ ಬಂದಂತೆ ಪಾಕಿಸ್ತಾನ 2015ರಿಂದ ಕರಾಚಿಯ ಖಾಸಿಂ ರೇವಿನಲ್ಲಿಯೂ, ತಿತಾಸಿನ ಬಲ ಕುಗ್ಗಿದಂತೆ ಬಾಂಗ್ಲಾದೇಶ 2018ರಿಂದ ಮಹೇಶಖಾಲಿ ದ್ವೀಪದ ಬಳಿಯಲ್ಲಿಯೂ ದ್ರವಾನಿಲದ ಹಡಗುಗಳನ್ನು ಬರಮಾಡಿಕೊಳ್ಳುತ್ತಿವೆ. ಮೂವರೂ ಒಂದೇ ಅಂಗಡಿಗೆ ಬೇರೆಬೇರೆಯಾಗಿ ಹೋಗಿ, ಬೇರೆಬೇರೆಯಾಗಿ ಚೌಕಾಸಿ ಮಾಡಿ ಹೊತ್ತು ತರುತ್ತಿದ್ದಾರೆ.

ಈಗ ಎಣ್ಣೂರಿಗೆ ಬರೋಣ. ಚೆನ್ನೈ ಬಂದರದಿಂದ 20–25 ಕಿಲೋಮೀಟರು ಉತ್ತರಕ್ಕೆ, ಕೊಸಸ್ಥಲೈ ನದಿ ಅಳಿವೆಯಾಗಿ ಕಡಲನ್ನು ಕೂಡುವ ಆ ಉಪ್ಪುನೀರಿನ ಸೀಮೆಯಲ್ಲಿ 2001ರಲ್ಲಿ ಒಂದು ಹೊಸ ಬಂದರವನ್ನು ತೆರೆದರು. ಅದನ್ನು ಕಟ್ಟಿದ್ದು ಅಲ್ಲಿನ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಇಳಿಸಿಕೊಳ್ಳಲೆಂದು. 2014ರಲ್ಲಿ ಅದಕ್ಕೆ ಕಾಮರಾಜರ ಹೆಸರನ್ನಿಟ್ಟರು. ಕಲ್ಲಿದ್ದಲಿನ ಕರಿಯ ಧೂಳಿನ ಆ ರೇವಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ವರ್ಷಕ್ಕೆ 50 ಲಕ್ಷ ಟನ್ ದ್ರವಾನಿಲವನ್ನು ಇಳಿಸಿಕೊಳ್ಳಬಲ್ಲ ನಿಲ್ದಾಣವನ್ನು ಕಟ್ಟಿತು. 2019ರ ಮಾರ್ಚ್ 6ರಂದು ಅದರ ಉದ್ಘಾಟನೆ. ಪೂರ್ವ ಕರಾವಳಿಗೆ ಇದೇ ಮೊದಲನೆಯದು; ಅದುವರೆಗೆ ಇದ್ದುವೆಲ್ಲ, ದಹೇಜ್, ಹಜೀರ, ದಾಭೋಳ, ಕೊಚ್ಚಿ, ಪಶ್ಚಿಮ ಸಮುದ್ರಕ್ಕೆ ಮುಖ ಮಾಡಿದುವು.

ಅಲ್ಲಿ ನಡೆಯುವ ಕಾರ್ಯವನ್ನು ಬಲ್ಲವರು ವಿವರಿಸಿದಾಗ, ಶೀತೋಷ್ಣಗಳ ಬಗೆಗೆ ನನಗಿದ್ದ ಕಲ್ಪನೆಗಳೆಲ್ಲ ತಲೆಕೆಳಗಾದುವು. ಸುಮಾರು 300 ಮೀಟರು ಉದ್ದದ ಹಡಗು ಕಟ್ಟೆಗೆ ತಾಗಿ ನಿಂತಮೇಲೆ, ಮೊಣಕೈ ಮಡಿಸಿದ ತೋಳುಗಳಂತಿರುವ ಉಕ್ಕಿನ ಕೊಳವೆಗಳು ಮೆಲ್ಲನೆ ಚಾಚಿ ಅದರ ಬಾಯನ್ನು ಹಿಡಿಯುತ್ತವೆ. ದ್ರವ ಹರಿದುಹೋಗಿ ಸೇರುವುದು ಎರಡು ಮಹಾ ತೊಟ್ಟಿಗಳನ್ನು. ಒಂದೊಂದರ ಹಿಡಿತ 1,80,000 ಘನಮೀಟರು. ಸಾಮಾನ್ಯ ಉಕ್ಕು ಆ ಚಳಿಗೆ ಗಾಜಿನಂತೆ ಬಿರಿಯುವುದರಿಂದ ಒಳಗೋಡೆಯನ್ನು ನಿಕ್ಕಲ್ ಬೆರೆಸಿದ ಉಕ್ಕಿನಿಂದಲೂ ಹೊರಗೋಡೆಯನ್ನು ಕಾಂಕ್ರೀಟಿನಿಂದಲೂ ಮಾಡಿ, ನಡುವೆ ಶಾಖವನ್ನು ತಡೆಯುವ ಪದಾರ್ಥವನ್ನು ತುಂಬಿರುತ್ತಾರೆ. ಇಷ್ಟಾದರೂ ಅದು ತೊಟ್ಟಿಯೊಳಗೆ ಸುಮ್ಮನಿರದೆ ಸದಾ ಕುದಿಯುತ್ತಲೇ ಇರುತ್ತದೆ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ಕುದಿಯುವುದೆಂದರೆ ನಮ್ಮ ಭಾಷೆಗೇ ಸ್ವಲ್ಪ ಕಷ್ಟ, ಆದರೂ ಸತ್ಯ. ಹೀಗೆ ಕುದಿದು ಮೇಲೆದ್ದ ಆವಿಯನ್ನು ಪೋಲಾಗಗೊಡದೆ ಹಿಡಿದು ಮತ್ತೆ ಬಳಕೆಗೆ ತರುವರು. ಇನ್ನು ದ್ರವವನ್ನು ಪುನಃ ಅನಿಲವಾಗಿಸಲು ಬೆಂಕಿ ಬೇಕೆಂದು ನಾನು ಎಣಿಸಿದ್ದೆ, ಬೇಡವಂತೆ. ಬಂಗಾಳ ಕೊಲ್ಲಿಯ ಬೆಚ್ಚನೆಯ ನೀರೇ ಅದಕ್ಕೆ ಸಾಕಾದ ಒಲೆ! ಮದರಾಸಿನ ಸೆಕೆಯನ್ನು ಶಪಿಸುತ್ತ ಬಾಳಿದ ನನ್ನಂಥವನಿಗೆ (ಹಳೆಯ ಕಾಲದವನಾದುದರಿಂದ ಮದರಾಸು ಎಂದೇ ನಾಲಗೆಗೆ ಬರುತ್ತದೆ) ಆ ಸೆಕೆಗೂ ಒಂದು ಉಪಯೋಗವುಂಟೆಂದು ಅಂದು ತಿಳಿಯಿತು.

ಅಲ್ಲಿಂದ ಅನಿಲ ಮೊದಲು ಹೋದದ್ದು ಪಕ್ಕದ ಮಣಲಿಗೆ. ಎಣ್ಣೆ ಶುದ್ಧೀಕರಣದ ಕಾರ್ಖಾನೆ, ರಾಸಾಯನಿಕ ಕಾರ್ಖಾನೆಗಳು, ಮದರಾಸ್ ಫರ್ಟಿಲೈಸರ್ಸ್ ಇವೆಲ್ಲ ಅಲ್ಲಿಯೇ ಸಾಲುಗಟ್ಟಿವೆ. ಯೂರಿಯಾ ಮಾಡಲು ಬೇಕಾದ ಜಲಜನಕವನ್ನು ದಶಕಗಳಿಂದ ನಾಫ್ತಾ ಎಂಬ ದುಬಾರಿ ಎಣ್ಣೆಯಿಂದ ತೆಗೆಯುತ್ತಿದ್ದ ಗೊಬ್ಬರದ ಕಾರ್ಖಾನೆ 2019ರಲ್ಲಿಯೇ ಅನಿಲಕ್ಕೆ ತಿರುಗಿಕೊಂಡಿತು. ಮನೆಗಳಿಗೆ ಕೊಳವೆ ಎಳೆಯುವ ಕೆಲಸ ಬೇರೆ ಕೈಯದು. ಚೆನ್ನೈ ಮತ್ತು ತಿರುವಳ್ಳೂರು ಜಿಲ್ಲೆಗಳಿಗೆ ಆ ಹಕ್ಕನ್ನು 2018ರ ಹರಾಜಿನಲ್ಲಿ ಟೊರೆಂಟ್ ಗ್ಯಾಸ್ ಪಡೆಯಿತು. ನಗರದ ಬಾಗಿಲಲ್ಲಿ ಒತ್ತಡವನ್ನು ಇಳಿಸಿ, ಸ್ವಭಾವತಃ ವಾಸನೆಯಿಲ್ಲದ ಈ ಅನಿಲಕ್ಕೆ ಸೋರಿಕೆ ಮೂಗಿಗೆ ತಿಳಿಯಲೆಂದು ಕೊಳೆತ ಕೋಸಿನಂಥ ದುರ್ಗಂಧವನ್ನು ಬೆರೆಸಿ ಬಡಾವಣೆಗಳಿಗೆ ಬಿಡುತ್ತಾರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾಗಿ ನೆಲಕ್ಕಂಟಿ ಹೊಂಚುಹಾಕುವಂಥದು. ಇದು ಗಾಳಿಗಿಂತ ಹಗುರ, ಕಿಟಕಿ ತೆರೆದರೆ ಮೇಲಕ್ಕೆ ಹಾರಿಹೋಗುತ್ತದೆ. ಅತ್ತಿಗೆಯವರಿಗೆ ಸಮಾಧಾನ ತಂದದ್ದು ನನ್ನ ಅಂತಾರಾಷ್ಟ್ರೀಯ ಪಾಂಡಿತ್ಯವಲ್ಲ, ಈ ಒಂದು ಮಾತು.

ಎಣ್ಣೂರಿನಿಂದ ಒಂದು ಕವಲನ್ನು ಬೆಂಗಳೂರಿನತ್ತ, ಇನ್ನೊಂದನ್ನು ಪುದುಚೇರಿ, ನಾಗಪಟ್ಟಣ, ಮಧುರೆಗಳ ಮೇಲೆ ತೂತ್ತುಕುಡಿಯತ್ತ ಒಯ್ಯಬೇಕೆಂಬುದು ಮೂಲ ಸಂಕಲ್ಪ. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದುಂಟು: ದೇಶದೇಶಗಳ ನಡುವೆ ನಂಬಿಕೆ ಸಾಲದೆ ಕೊಳವೆಗಳು ನಿಂತುಹೋದುವೆಂದು ಹೇಳಿದೆನಷ್ಟೆ; ಒಂದೇ ದೇಶದ ಒಳಗೂ, ರಾಜ್ಯರಾಜ್ಯಗಳ ನಡುವೆ, ಹೊಲಹೊಲಗಳ ನಡುವೆ ಅದೇ ಕತೆ ಚಿಕ್ಕ ಅಕ್ಷರಗಳಲ್ಲಿ ಪುನಃ ಬರೆಯಲ್ಪಟ್ಟಿದೆ. ಕೊಚ್ಚಿಯ ನಿಲ್ದಾಣವನ್ನು ನೋಡಿರಿ. ಎಣ್ಣೂರಿನಷ್ಟೇ ಸಾಮರ್ಥ್ಯದ ಆ ನಿಲ್ದಾಣ 2013ರಲ್ಲಿಯೇ ಸಿದ್ಧವಾಗಿ, ಕೊಂಡೊಯ್ಯುವ ಕೊಳವೆಯಿಲ್ಲದೆ, ವರ್ಷಾನುಗಟ್ಟಲೆ ತನ್ನ ಶಕ್ತಿಯ ಹತ್ತನೆಯ ಒಂದಂಶವನ್ನೂ ಬಳಸಲಾರದೆ ಕುಳಿತಿತ್ತು. ಹಬ್ಬಕ್ಕೆಂದು ಅಟ್ಟ ಹತ್ತು ಸೇರಿನ ಅನ್ನದ ಮುಂದೆ ನೆಂಟರು ಬಾರದೆ ಕುಳಿತ ಯಜಮಾನನಂತೆ. ಕೊಚ್ಚಿಯಿಂದ ಪಾಲಕ್ಕಾಡು ಸೀಮೆಯ ಕೂಟ್ಟನಾಡಿನವರೆಗೆ ಬಂದು, ಅಲ್ಲಿ ಎರಡಾಗಿ ಸೀಳಿ, ಒಂದು ಕೊಯಮತ್ತೂರು, ಈರೋಡು, ಸೇಲಂ, ಧರ್ಮಪುರಿ, ಕೃಷ್ಣಗಿರಿಗಳ ಮೇಲೆ ಬೆಂಗಳೂರಿಗೂ, ಇನ್ನೊಂದು ಮಲಬಾರಿನ ಉದ್ದಕ್ಕೆ ಕಾಸರಗೋಡನ್ನು ಹಾದು ಮಂಗಳೂರಿಗೂ ಹೋಗಬೇಕಾಗಿತ್ತು.

ಬೆಂಗಳೂರಿನ ಕವಲು ತಮಿಳುನಾಡಿನ ಏಳು ಜಿಲ್ಲೆಗಳಲ್ಲಿ 310 ಕಿಲೋಮೀಟರು ಹಾಯಬೇಕು. ಕೊಳವೆ ಹಾಸುವವರಿಗೆ ಆಸರೆಯಾದದ್ದು 1962ರ ಒಂದು ಶಾಸನ. ಅದರಂತೆ ನೆಲ ರೈತನ ಹೆಸರಿನಲ್ಲಿಯೇ ಉಳಿಯುತ್ತದೆ, ಸರಕಾರ ಕೊಂಡುಕೊಳ್ಳುವುದಿಲ್ಲ, ಕೊಳವೆ ಹೂಳುವ ‘ಬಳಕೆಯ ಹಕ್ಕ’ನ್ನು ಮಾತ್ರ ಪಡೆದು ನೆಲದ ಬೆಲೆಯ ಶೇಕಡ 10ನ್ನೂ ಬೆಳೆಯ ನಷ್ಟವನ್ನೂ ಕೊಡುತ್ತದೆ. ಆ ಪಟ್ಟೆಯ ಮೇಲೆ ಅನಂತರ ರಾಗಿ ಬಿತ್ತಬಹುದು, ಮನೆ ಕಟ್ಟುವಂತಿಲ್ಲ. ಕಡಲೆಕಾಯಿ ಬೆಳೆಯಬಹುದು, ಬೇರು ಆಳಕ್ಕಿಳಿಯುವ ಮರ ನೆಡುವಂತಿಲ್ಲ. ಕೃಷ್ಣಗಿರಿಯ ಮಾವಿನ ತೋಟದವನಿಗೆ ಈ ಸೂಕ್ಷ್ಮಭೇದ ಸಮಾಧಾನ ತರಲಿಲ್ಲವೆಂದರೆ ಆಶ್ಚರ್ಯವೇನು? ನೆಲ ತನ್ನದೇ, ಆದರೆ ಮರ ನೆಡುವ ಸ್ವಾತಂತ್ರ್ಯ ತನ್ನದಲ್ಲ! ಕೊಳವೆ ಹೆದ್ದಾರಿಯ ಮಗ್ಗುಲಲ್ಲಿ ಹೋಗಲಿ, ಹೊಲಗಳಲ್ಲಿ ಬೇಡ ಎಂದು ತಮಿಳುನಾಡು ಸರಕಾರ 2013ರಲ್ಲಿ ಆಜ್ಞೆ ಮಾಡಿತು. ಮರುವರ್ಷ ಜೂನ್ 27ರ ಮುಂಜಾವದಲ್ಲಿ ಆಂಧ್ರದ ಗೋದಾವರಿ ಸೀಮೆಯ ನಗರಂ ಗ್ರಾಮದಲ್ಲಿ ಕೊಳವೆಯೊಂದು ಸೋರಿ ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಬೆಂದುಹೋದರು. ಆ ಸುದ್ದಿ ಕೇಳಿದಮೇಲೆ ಕೊಯಮತ್ತೂರು, ಈರೋಡುಗಳ ಕೊಂಗುನಾಡಿನ ರೈತನ ಭಯವನ್ನು ಕೇವಲ ಹಟವೆಂದು ಯಾರೂ ಹೇಳುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ 2016ರ ಫೆಬ್ರವರಿಯಲ್ಲಿ ಕೊಳವೆಯ ಪರವಾಗಿ ತೀರ್ಪಿತ್ತರೂ, ತೀರ್ಪು ನಡೆದಷ್ಟು ಬೇಗ ಗುದ್ದಲಿ ನಡೆಯಲಿಲ್ಲ. ಬೆಂಗಳೂರು ಅಷ್ಟರಲ್ಲಿ ಕಾಯುವುದನ್ನು ಬಿಟ್ಟು, ಕೊಂಕಣದ ದಾಭೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆಗಳ ದಾರಿಯಾಗಿ 2013ರಲ್ಲಿ ಬಂದ ಇನ್ನೊಂದು ಕೊಳವೆಯಿಂದ ಒಲೆ ಹಚ್ಚಿಕೊಂಡಿತ್ತು. ಕಾವೇರಿಯ ನೀರಿನ ವಿಷಯದಲ್ಲಿ ಎರಡು ರಾಜ್ಯಗಳಿಗೂ ಇರುವ ದೀರ್ಘಾನುಭವವನ್ನು ನೆನೆದರೆ, ಹರಿಯುವ ಯಾವ ವಸ್ತುವನ್ನಾದರೂ ಗಡಿ ದಾಟಿಸುವುದು ನಮ್ಮ ಜಾತಕದಲ್ಲಿ ಸುಲಭವಾಗಿ ಬರೆದಿಲ್ಲವೆಂದು ತೋರುತ್ತದೆ.

ಮಂಗಳೂರಿನ ಕವಲಿನ ಕತೆಯೂ ನಿರಾಯಾಸದ್ದಲ್ಲ. ಕೋಳಿಕೋಡಿನ ಮುಕ್ಕಂ ಬಳಿ 2017ರ ನವೆಂಬರಿನಲ್ಲಿ ಜನ ಬೀದಿಗಿಳಿದರು, ಪೊಲೀಸರೊಡನೆ ಘರ್ಷಣೆಯಾಯಿತು. ಪರಿಹಾರವನ್ನು ಹೆಚ್ಚಿಸಿ, ಪಟ್ಟೆಯನ್ನು ಕಿರಿದುಗೊಳಿಸಿ ಕೆಲಸ ಮುಂದೆ ಸಾಗಿತು. ಕಟ್ಟಕಡೆಗೆ ಎಲ್ಲವೂ ಮುಗಿಯಿತೆನ್ನುವಾಗ ಕಾಸರಗೋಡಿನ ಚಂದ್ರಗಿರಿ ಹೊಳೆ ಅಡ್ಡ ನಿಂತಿತು. ಮಲೆಯಾಳ ದೇಶಕ್ಕೂ ತುಳುನಾಡಿಗೂ ಎಲ್ಲೆಯೆಂದು ಹಿಂದಿನವರು ಎಣಿಸಿದ್ದ ಹೊಳೆ ಅದು. ದಡದಲ್ಲಿ ಕೆಳದಿಯ ನಾಯಕರ ಕೋಟೆ ಇನ್ನೂ ನಿಂತಿದೆ. ಹೊಳೆಯ ತಳದ ಅಡಿಯಲ್ಲಿ ಸುರಂಗದಂತೆ ಕೊರೆದು ಕೊಳವೆಯನ್ನು ನೂಕಬೇಕಾದ, ಒಂದು ಕಿಲೋಮೀಟರೂ ಇಲ್ಲದ ಆ ತುಣುಕು ಇಡಿಯ 450 ಕಿಲೋಮೀಟರಿನ ಕಾರ್ಯವನ್ನು ತಿಂಗಳುಗಟ್ಟಲೆ ಕಾಯಿಸಿತು. 2020ರ ಕೊನೆಗೆ ಅದು ಒಲಿದು, 2021ರ ಜನವರಿ 5ರಂದು ಕೊಚ್ಚಿ–ಮಂಗಳೂರು ಮಾರ್ಗ ಲೋಕಾರ್ಪಣೆಯಾಯಿತು. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆಯೂ ಮಣಲಿಯದರಂತೆ ನಾಫ್ತಾಕ್ಕೆ ವಿದಾಯ ಹೇಳಿತು. 1956ರವರೆಗೆ ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಕಡತಗಳೆಲ್ಲ ಮದರಾಸಿನ ಸೈಂಟ್ ಜಾರ್ಜ್ ಕೋಟೆಗೇ ಬರುತ್ತಿದ್ದುವು. ಇಂದು ಎರಡು ಕಡಲುಗಳಲ್ಲಿಯೂ ದ್ರವಾನಿಲದ ಹಡಗು ನಿಲ್ಲುತ್ತದೆ, ಆ ಹಳೆಯ ಪ್ರಾಂತದ ಎರಡು ಕಡೆಯ ಗೊಬ್ಬರದ ಗಿರಣಿಗಳೂ ಅದನ್ನೇ ಉಣ್ಣುತ್ತವೆ.

ಇಷ್ಟೆಲ್ಲ ಕೇಳಿದಮೇಲೆ, ಹತ್ತಿರದಲ್ಲಿಯೇ ಅನಿಲವಿಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು. ಕಾವೇರಿಯ ಮುಖಜಭೂಮಿಯಲ್ಲಿ, ನರಿಮಣಂ, ಕುತ್ತಾಲಂ, ಮುಂದೆ ದಕ್ಷಿಣದಲ್ಲಿ ರಾಮನಾಥಪುರಂ, ಇಲ್ಲೆಲ್ಲ ಭೂಮಿಯ ಕೆಳಗೆ ಅನಿಲವಿದೆ. ಆಸುಪಾಸಿನ ವಿದ್ಯುತ್ ಸ್ಥಾವರಗಳು ಅದನ್ನು ಉರಿಸುತ್ತಲೂ ಇವೆ. ರಾಮನಾಥಪುರದ್ದನ್ನು ತೂತ್ತುಕುಡಿಗೆ ಒಯ್ಯುವ 143 ಕಿಲೋಮೀಟರಿನ ಕೊಳವೆ 2021ರಲ್ಲಿ ತೆರೆಯಿತು. ಆದರೆ ಆ ಸೀಮೆ ತಮಿಳರ ಅನ್ನದ ಬಟ್ಟಲು. ಮನ್ನಾರ್ಗುಡಿಯ ಕಲ್ಲಿದ್ದಲ ಪದರದ ಮೀಥೇನಿಗೆ 2010ರಲ್ಲಿ ಕೊಟ್ಟ ಗುತ್ತಿಗೆ ರೈತರ ವಿರೋಧದಿಂದ ನಿಂತಿತು. 2017ರಲ್ಲಿ ನೆಡುವಾಸಲ್ ಗ್ರಾಮದಲ್ಲಿ ಹೊಸ ಬಾವಿಗಳ ವಿರುದ್ಧ ಚಳವಳಿ, ಅದೇ ವರ್ಷ ಕದಿರಾಮಂಗಲದಲ್ಲಿ ಎಣ್ಣೆಯ ಕೊಳವೆ ಒಡೆದು ಗದ್ದೆಗೆ ಹರಿದು ಮತ್ತೊಂದು ಚಳವಳಿ. 2020ರಲ್ಲಿ ತಮಿಳುನಾಡು ವಿಧಾನಸಭೆ ಆ ಮುಖಜಭೂಮಿಯನ್ನು ರಕ್ಷಿತ ಕೃಷಿವಲಯವೆಂದು ಶಾಸನ ಮಾಡಿ ಹೊಸದಾಗಿ ತೋಡುವುದನ್ನು ನಿಷೇಧಿಸಿತು. ಉತ್ತರಕ್ಕೆ ಕೃಷ್ಣಾ–ಗೋದಾವರಿಯ ಕಡಲಿನಲ್ಲಿ 2009ರಲ್ಲಿ ದೊಡ್ಡ ಪ್ರಮಾಣದಲ್ಲಿ ಅನಿಲ ಚಿಮ್ಮಿದಾಗ, ಕಾಕಿನಾಡದಿಂದ ಅದು ಚೆನ್ನೈಗೆ ಬಾರದೆ, ದಖ್ಖನ್ನನ್ನೇ ಅಡ್ಡಹಾಯ್ದು ಸುಮಾರು 1,400 ಕಿಲೋಮೀಟರು ದೂರದ ಗುಜರಾತಿನ ಭರೂಚಕ್ಕೆ ಹೋಯಿತು. ಕಾಕಿನಾಡ–ಚೆನ್ನೈ ಕೊಳವೆಗೆ 2007ರಲ್ಲಿಯೇ ಖಾಸಗಿಯವರಿಗೆ ಕೊಟ್ಟಿದ್ದ ಅನುಮತಿ ಕಾಗದದಲ್ಲಿಯೇ ಒಣಗಿ 2012ರಲ್ಲಿ ರದ್ದಾಯಿತು. ಆ ಬಾವಿಗಳೂ ದಿನಕ್ಕೆ 6 ಕೋಟಿ ಘನಮೀಟರಿನ ಉತ್ಸಾಹವನ್ನು ತೋರಿಸಿ ಮೂರು ನಾಲ್ಕು ವರ್ಷಗಳಲ್ಲಿ ಕಾಲುಭಾಗಕ್ಕೆ ಕುಸಿದುವು.

ಹೀಗೆ ಸಂತೆಯನ್ನೇ ನೆಚ್ಚಿದವರು ಸಂತೆಯ ಗುಣದೋಷಗಳಿಗೂ ಒಳಗಾಗಬೇಕು. 2020ರ ಬೇಸಿಗೆಯಲ್ಲಿ, ಮಹಾಮಾರಿಯ ಕಾಲದಲ್ಲಿ, ಏಷ್ಯದ ಪೇಟೆಯಲ್ಲಿ ದ್ರವಾನಿಲದ ಬೆಲೆ ಒಂದು ಅಳತೆಗೆ 2 ಡಾಲರಿಗೂ ಕೆಳಗಿಳಿದಿತ್ತು. ಉಕ್ರೇನಿನ ಯುದ್ಧ ಹೊತ್ತಿಕೊಂಡಮೇಲೆ, 2022ರ ಆಗಸ್ಟಿನಲ್ಲಿ, ಅದೇ ಅಳತೆಗೆ 70 ಡಾಲರಿನ ಸಮೀಪಕ್ಕೇರಿತು. ರಷ್ಯದ ಕೊಳವೆಯನ್ನು ಕಳೆದುಕೊಂಡ ಯುರೋಪಿನವರು ಕಡಲಿನ ಮೇಲೆ ಕಂಡ ಹಡಗುಗಳನ್ನೆಲ್ಲ ದುಡ್ಡು ಸುರಿದು ತಮ್ಮತ್ತ ತಿರುಗಿಸಿಕೊಂಡರು. ಪಾಕಿಸ್ತಾನ ಟೆಂಡರು ಕರೆದರೆ ಒಬ್ಬ ಮಾರಾಟಗಾರನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶ ಪೇಟೆಯ ಖರೀದಿಯನ್ನೇ ನಿಲ್ಲಿಸಿ ದೀಪಗಳನ್ನು ಆರಿಸಿತು. ರಷ್ಯದ ಗಾಜ್‌ಪ್ರೋಮ್ ಸಂಸ್ಥೆಯ ಶಾಖೆಯೊಡನೆ 20 ವರ್ಷಗಳ ಒಪ್ಪಂದ ಮಾಡಿಕೊಂಡಿದ್ದ ನಮ್ಮ ಗೇಲ್‌ಗೆ, ಆ ಶಾಖೆ ಜರ್ಮನಿಯ ವಶವಾದಮೇಲೆ, ಬರಬೇಕಾದ ಹಡಗುಗಳು ತಪ್ಪಿದುವು. ಕೊಳವೆಯಲ್ಲಾದರೆ ನಂಬಬೇಕಾದದ್ದು ಒಬ್ಬ ನೆರೆಯವನನ್ನು. ಹಡಗಿನಲ್ಲಿ ನಂಬಬೇಕಾದದ್ದು, ಹೆಸರೂ ತಿಳಿಯದ ಇಡೀ ಪೇಟೆಯನ್ನು. ಭಾರತ ಉರಿಸುವ ನೈಸರ್ಗಿಕ ಅನಿಲದಲ್ಲಿ ಸರಿಸುಮಾರು ಅರ್ಧ ಇಂದು ಈ ದಾರಿಯಲ್ಲಿಯೇ ಬರುತ್ತಿದೆ.

ಎಣ್ಣೂರಿನ ಬೆಸ್ತರ ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ನನ್ನ ಮನಸ್ಸು ಒಪ್ಪದು. ಅಳಿವೆಯ ಸಿಗಡಿ, ಏಡಿ, ಮೀನುಗಳಿಂದ ಹೊಟ್ಟೆ ಹೊರೆಯುತ್ತಿದ್ದ, ಕುಪ್ಪಂಗಳೆಂಬ ಆ ಬೆಸ್ತರ ಕೇರಿಗಳ ಜನ ಬೂದಿ, ಕಲ್ಲಿದ್ದಲು, ಎಣ್ಣೆ, ಎಲ್ಲಕ್ಕೂ ಅಂಗಳವಾಗಿದ್ದಾರೆ. ಬಂದರದ ಬಾಯಲ್ಲಿ 2017ರ ಜನವರಿ 28ರಂದು, ಅಡಿಗೆ ಅನಿಲವನ್ನು ಇಳಿಸಿ ಹೊರಡುತ್ತಿದ್ದ ಹಡಗೊಂದು ಒಳಬರುತ್ತಿದ್ದ ಎಣ್ಣೆಯ ಹಡಗಿಗೆ ತಾಗಿ, ದಡದ ಉದ್ದಕ್ಕೂ ಕರಿಯ ಜಿಡ್ಡು ಬಂದು ಬಿದ್ದಾಗ ಅದನ್ನು ಬಕೆಟುಗಳಲ್ಲಿ ಮೊಗೆದವರಲ್ಲಿ ಅವರೂ ಇದ್ದರು. ದ್ರವಾನಿಲ ಚೆಲ್ಲಿದರೆ ಜಿಡ್ಡು ಉಳಿಯುವುದಿಲ್ಲ, ಆವಿಯಾಗಿ ಹೋಗುತ್ತದೆ. ಕಲ್ಲಿದ್ದಲಿಗಿಂತ ಅದರ ಹೊಗೆಯೂ ಕಡಿಮೆ. ಅಷ್ಟರ ಮಟ್ಟಿಗೆ ಅದು ಸೌಮ್ಯವಾದ ಅತಿಥಿ. ಆದರೆ ಅವರ ಬಲೆಯ ಮುಂದೆ ಹಾಯುವ ದೊಡ್ಡ ಹಡಗುಗಳ ಎಣಿಕೆಯಲ್ಲಿ ಅದೂ ಒಂದು, ಮತ್ತು ಆ ಹಡಗು ಹಾಯುವಾಗ ದೋಣಿಗಳು ದೂರ ಸರಿದು ನಿಲ್ಲಬೇಕು.

ಈ ಸಂಗತಿಗಳಲ್ಲಿ ನನಗೆ ತಿಳಿದಷ್ಟನ್ನು ಮೊನ್ನೆ ಅತ್ತಿಗೆಯವರಿಗೆ ಒಪ್ಪಿಸಿದೆ. ಕತಾರು, ಇರಾನು, ರಷ್ಯಗಳ ಮಾತನ್ನು ಅವರು ಹುರುಳಿಕಾಯಿಯ ನಾರು ತೆಗೆಯುತ್ತ ಅರ್ಧ ಕಿವಿಯಲ್ಲಿ ಕೇಳಿದರು. ಕೊನೆಗೆ, ಎಣ್ಣೂರಿನಲ್ಲಿ ಸರಕನ್ನಿಳಿಸಿದ ಹಡಗು ಪೂರ್ತಿ ಬರಿದಾಗಿ ಹಿಂದಿರುಗುವುದಿಲ್ಲವೆಂದೂ, ತಳದಲ್ಲಿ ಒಂದಿಷ್ಟು ದ್ರವವನ್ನು ಬೇಕೆಂದೇ ಉಳಿಸಿಕೊಂಡು ಹೋಗುತ್ತದೆಯೆಂದೂ, ಅದರ ಚಳಿಯಿಂದ ದಾರಿಯುದ್ದಕ್ಕೂ ತೊಟ್ಟಿ ತಣ್ಣಗಿದ್ದರೆ ಮಾತ್ರ ಮುಂದಿನ ಸಲ ತುಂಬುವುದು ಸುಲಭವಾಗುತ್ತದೆಯೆಂದೂ ಹೇಳಿದಾಗ ಅವರು ತಲೆಯೆತ್ತಿದರು.

“ಹಾಗನ್ನು. ನಾಳೆಯ ಹೆಪ್ಪಿಗೆ ಮೊಸರು ಉಳಿಸಿಕೊಂಡ ಹಾಗೆ.”

ಎದ್ದು ಹೋಗಿ ಒಲೆ ಹಚ್ಚಿ ಹಾಲು ಕಾಯಲಿಟ್ಟರು.